ಆರು ಪೌಂಡು

"ಯಾವ್ದು ಅಂತ ಬೇಗ ಹೇಳಪ್ಪ ಚಿತ್ತಪ್ಪ, ಬಿಸಿಲಾಗೆ ನಿಂತು ನಿಂತು ನನ್ನ ನೆತ್ತಿ ಸಿಡೀತೈತೆ," ಎಂದರು ಮುರುಗಪ್ಪ.

ಚಿತ್ತಪ್ಪನಿಗೆ ಅವಸರವಿರಲಿಲ್ಲ. ಹಿರಿಯೂರಿನ ಹೆದ್ದಾರಿ ಪಕ್ಕದ ಅವನ ಪಂಚರ್ ಅಂಗಡಿಯ ತಗಡಿನ ಗೋಡೆಗೆ ಎಂಟು ಹೊಸ ಟೈರುಗಳು ಒರಗಿದ್ದವು. ನಾಲ್ಕು ಒಂದು ಜಾತಿ, ನಾಲ್ಕು ಇನ್ನೊಂದು. ಎದುರಿಗೆ ಮುರುಗಪ್ಪನವರ ಕೆಂಪು ಕಾರು ಚಕ್ರ ಬಿಚ್ಚಿಸಿಕೊಂಡು ಕಲ್ಲುಗಳ ಮೇಲೆ ಕೂತಿತ್ತು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ಗಿಡ್ಡ. ಹೊಸದುರ್ಗದ ಕಡೆ ಮ್ಯಾಂಗನೀಸ್ ಗಣಿ ನಡೆಸುವ ಮುರುಗಪ್ಪ ಇದನ್ನು ಮದ್ರಾಸಿನಲ್ಲಿ ನೋಡಿ ಮನಸೋತು ತಂದಿದ್ದರು. ತಂದದ್ದೇನೋ ಸರಿ, ಓಡಿಸುವ ಎದೆ ಅವರಿಗಿರಲಿಲ್ಲ. ಅದಕ್ಕೆ ಚಿತ್ತಪ್ಪನ ತಮ್ಮ ಕಾಟಯ್ಯ ಇದ್ದ.

ಎಪ್ಪತ್ತೆರಡರ ಏಪ್ರಿಲ್. ಬರುವ ಭಾನುವಾರ ಬೆಂಗಳೂರಿನ ಯಾವುದೋ ಮೋಟಾರು ಕ್ಲಬ್ಬಿನವರು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರೇಸ್ ಇಟ್ಟಿದ್ದರು. ಇಪ್ಪತ್ತೈದು ಮೈಲಿ, ನಡುಹಗಲು. ಗೊಲ್ಲರಹಟ್ಟಿಯಲ್ಲಿ ಕುರಿ ಹಿಂದೆ ಓಡಾಡಿಕೊಂಡಿದ್ದ ಕಾಟಯ್ಯ ಆ ಕಾರಿನಲ್ಲಿ ಕೂತು ಹೋಗುತ್ತಾನೆಂದರೆ ಹಟ್ಟಿಗೆ ಹಟ್ಟಿಯೇ ರಸ್ತೆಗೆ ಬರುವುದಿತ್ತು. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದವನು ಚಿತ್ತಪ್ಪನೇ. ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ.

ಚಿತ್ತಪ್ಪ ಮೊದಲನೆಯ ಜಾತಿಯ ಟೈರಿಗೆ ಹೆಬ್ಬೆರಳ ಉಗುರು ಒತ್ತಿದ. ಮೂಸಿ ನೋಡಿದ. ಮೈತುಂಬ ಎದ್ದ ರಬ್ಬರಿನ ದಪ್ಪ ದಪ್ಪ ಗುಬುಟು, ನೋಡಿದವರಿಗೆ ಧೈರ್ಯ ಬರುವಂತಿತ್ತು.

"ಇದು ಲಾರಿಗೆ ಸೈ ಸಾವ್ಕಾರ್ರೆ. ಓಟದಾಗೆ ಕಾದ್ರೆ ಈ ಗುಬುಟು ಕಿತ್ಕಂಡು ಹೋಗ್ತವೆ," ಎಂದು ಎರಡನೆಯದಕ್ಕೆ ಕೈ ಹಾಕಿದ. ಹಡಗು ಹತ್ತಿ ಸೀಮೆಯಿಂದ ಬಂದ ಸರಕು. ಮೆತ್ತನೆಯ ರಬ್ಬರು, ಗೀಚಿದ ಹಾಗೆ ಸಣ್ಣ ಸಣ್ಣ ಗೆರೆ. "ಇದು ನೋಡ್ರಿ ಬ್ಯಾಸಿಗೆ ಟೈರು. ಕಾದ ಟಾರನ್ನ ಅಂಟ್ಕಂಡು ಹೋಗ್ತೈತೆ."

"ಬೋಳು ಬೋಳಾಗಿ ಐತಲ್ಲೋ."

"ಬೋಳಿದ್ರೂ ಇದೇ. ಓಡ್ಸೋನು ನನ್ನ ತಮ್ಮ, ನಿಮ್ಮ ತಮ್ಮ ಅಲ್ಲ."

ಮುರುಗಪ್ಪ ನಕ್ಕರು. ಗಣಿಯ ಕೂಲಿಗಳೆದುರು ಯಾರಾದರೂ ಹೀಗೆ ಮಾತಾಡಿದ್ದರೆ ಅವರು ಬಿಡುವ ಆಳಲ್ಲ. ಆದರೆ ಟೈರಿನ ವಿಷಯದಲ್ಲಿ ಚಿತ್ತಪ್ಪನ ಮಾತಿಗೆ ಶಿರಾದಿಂದ ದಾವಣಗೆರೆವರೆಗೆ ಎದುರಿರಲಿಲ್ಲ. ಟೈರಿನ ಜೊತೆ ಬಂದಿದ್ದ ಚೀಟಿಯನ್ನು ಅವರೇ ಓದಿ ಹೇಳಿದರು: ಗಾಳಿ ಮೂವತ್ತು ಪೌಂಡು, ಜೋರಾಗಿ ಓಡಿಸುವುದಾದರೆ ಇನ್ನೂ ಮೇಲೆ.

"ಅದು ಬರ್ದೋನು ನಮ್ಮ ಬಿಸಿಲು ಕಂಡೋನಲ್ಲ ಬಿಡ್ರಿ," ಎಂದ ಚಿತ್ತಪ್ಪ.

ಅವನು ಹೇಳಿದ್ದು ಅವನೊಬ್ಬನ ಮಾತಲ್ಲ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಹಿಗ್ಗುವುದಕ್ಕೆ ಜಾಗ ಬಿಡಬೇಕು, ಇಲ್ಲವಾದರೆ ಟೈರು ಸಿಡಿಯುತ್ತದೆ. ಹೆದ್ದಾರಿಯಲ್ಲಿ ಇದನ್ನು ಅರಿಯದವರಿಲ್ಲ. ಹದಿನೈದು ವರ್ಷದಿಂದ ಶಿವರಾತ್ರಿ ಕಳೆದ ಮೇಲೆ ಬಂದ ಪ್ರತಿ ಲಾರಿಯಿಂದಲೂ ಅವನು ಎರಡು ಪೌಂಡು ಇಳಿಸಿ ಕಳಿಸಿದ್ದಾನೆ. ಡ್ರೈವರುಗಳು ಬೀಡಿ ಕೊಟ್ಟು ಹೋಗಿದ್ದಾರೆ.

ಭಾನುವಾರ ಬೆಳಿಗ್ಗೆಯೇ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಕಾಟಯ್ಯನ ಹೆಂಡತಿ ಜುಂಜಮ್ಮ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ಹಿಂದೆ ಸರಿದಳು. ಚಿತ್ತಪ್ಪ ಒಂದೊಂದೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ತುಂಬಿದ್ದ ಮೂವತ್ತರಿಂದ ಗಾಳಿ ಇಳಿಸತೊಡಗಿದ. ಲಾರಿಗಾದರೆ ಎರಡು ಪೌಂಡು. ಇದು ಲಾರಿಯಲ್ಲ, ಒಳಗಿರುವವನು ಕಂಡವರ ಮಗನೂ ಅಲ್ಲ. ನಾಲ್ಕು ಇಳಿಸಿದ. ನೆತ್ತಿಗೇರುತ್ತಿದ್ದ ಸೂರ್ಯನನ್ನು ನೋಡಿ ಆರು ಇಳಿಸಿದ. ಇನ್ನು ಚಿಂತೆಯಿಲ್ಲವೆಂದು ಅವನ ಜೀವ ಹಗುರಾಯಿತು.

"ಅಣ್ಣ, ಟೈರು ಹೊಟ್ಟೆ ಬಿಟ್ಟಂಗೆ ಕಾಣ್ತೈತೆ," ಎಂದ ಕಾಟಯ್ಯ, ಸೀಟಿನಿಂದ ಬಗ್ಗಿ ನೋಡುತ್ತ.

"ಈ ಜಾತೀದೇ ಹಂಗೆ ಕಣಲೇ. ನಾನಿಲ್ವಾ? ಹೋಗು."

ಕಾಟಯ್ಯ ನೆಟ್ಟಗೆ ಕೂತು ಸ್ಟೇರಿಂಗ್ ಹಿಡಿದ. ಅಣ್ಣ ಹೇಳಿದ ಮೇಲೆ ಮುಗಿಯಿತು.

ಐಮಂಗಲ ದಾಟಿ ಎರಡು ಮೈಲಿಯಲ್ಲಿ ಎಡಗಡೆ ಹಿಂದಿನ ಟೈರು ಸಿಡಿಯಿತು. ಕಾರು ಮೂರು ಪಲ್ಟಿ ಹೊಡೆದು ಹುಣಸೆಮರಕ್ಕೆ ಬಡಿಯಿತು. ಚಿತ್ತಪ್ಪ ಲಾರಿ ಹತ್ತಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಯಾರೋ ತಮ್ಮನ ಮುಖದ ಮೇಲೆ ಟವೆಲು ಹಾಕಿದ್ದರು. ಅವನು ಅದನ್ನು ತೆಗೆದು ನೋಡಿದ. ನೋಡಬಾರದಿತ್ತು.

ಮೂರನೆಯ ದಿನ ಮಣ್ಣಿಗೆ ಹಾಲು ಬಿಟ್ಟು ಬಂದವನನ್ನು ಪೊಲೀಸ್ ಠಾಣೆಗೆ ಕರೆಸಿದರು. ಕ್ಲಬ್ಬಿನಿಂದ ಒಬ್ಬ ಎಂಜಿನಿಯರು ಬಂದಿದ್ದ. ಸಿಡಿದ ಟೈರನ್ನು ಚಕ್ರದಿಂದ ಬಿಡಿಸಲು ಬಲ್ಲವರು ಬೇಕಾಗಿತ್ತು. ಚಿತ್ತಪ್ಪನೇ ಕಬ್ಬಿಣದ ಪಟ್ಟಿ ಹಾಕಿ ಮೀಟಿ ಬಿಡಿಸಿದ. ಎಂಜಿನಿಯರು ಒಳಗೆ ಬೆರಳಾಡಿಸಿ ತೋರಿಸಿದಾಗ ರಬ್ಬರು ರಾಗಿಹಿಟ್ಟಿನಂತೆ ಉದುರಿತು.

"ಟೈರು ಬಹಳ ಒಳ್ಳೆಯದು. ಇದಕ್ಕಿಂತ ಸರಿಯಾದ್ದನ್ನ ಯಾರೂ ಆರಿಸೋಕೆ ಆಗ್ತಿರಲಿಲ್ಲ," ಎಂದ ಎಂಜಿನಿಯರು. "ಆದರೆ ಗಾಳಿ ಇಲ್ಲ. ಉಳಿದ ಮೂರರಲ್ಲೂ ನೋಡಿದೆ, ಇಪ್ಪತ್ನಾಲ್ಕೇ ಇದೆ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತೆ. ಒಳಗೇ ಬೆಂದು ಹೋಗಿದೆ ನೋಡಿ."

"ಬಿಸಿಲಿಗೆ ಇಳಿಸ್ಬೇಕಲ್ವಾ ಸ್ವಾಮಿ?"

"ತಪ್ಪು. ಇಳಿಸಿದಷ್ಟೂ ಜಾಸ್ತಿ ಕಾಯೋದು."

ಚಿತ್ತಪ್ಪನ ಕೈಯಲ್ಲಿ ಪಟ್ಟಿ ಹಾಗೇ ಉಳಿಯಿತು. ಎಂಜಿನಿಯರು ಕಾಗದದ ಮೇಲೆ 'ಚಾಲಕನ ಅಲಕ್ಷ್ಯ' ಎಂದು ಬರೆಯುತ್ತಿದ್ದುದನ್ನು ಪಕ್ಕದಲ್ಲಿ ಕೂತಿದ್ದ ಮುರುಗಪ್ಪ ಗಟ್ಟಿಯಾಗಿ ಓದಿದಾಗ ಚಿತ್ತಪ್ಪನಿಗೆ ಬಾಯಿ ಬಂತು.

"ಅವನಲ್ಲ. ಇಳ್ಸಿದ್ದು ನಾನು. ನನ್ ಕೈಯಾರೆ ಇಳ್ಸೀನಿ. ಆರು ಪೌಂಡು."

"ದುಃಖದಾಗೆ ಏನೇನೋ ಅಂತಾನೆ, ಬರ್ಕಳ್ಳಿ ನೀವು," ಎಂದರು ಮುರುಗಪ್ಪ.

"ನಮ್ಮ ಜೀಪಿಗೂ ಇವನೇ ಇಳ್ಸೋದು ಸಾರ್. ಬ್ಯಾಸಿಗೇಲಿ ಎಲ್ರೂ ಇಳಿಸ್ತಾರೆ, ಅದೇನು ಅಪರಾಧವಾ?" ಎಂದ ದಫೇದಾರ. ಎಂಜಿನಿಯರು ಕನ್ನಡಕ ಒರೆಸಿಕೊಂಡು ಬೆಂಗಳೂರಿಗೆ ಹೊರಟ.

ಚಿತ್ತಪ್ಪ ಹಟ್ಟಿಯ ಹಿರಿಯರ ಮುಂದೆ ಹೇಳಿದ. ಅವರು ಕೇಳಿ, "ಹಣೇಲಿ ಬರ್ದಿದ್ದಕ್ಕೆ ಗಾಳಿ ಏನ್ಮಾಡ್ತೈತೆ ಬಿಡಲೇ," ಎಂದರು. ಲಾರಿ ಡ್ರೈವರುಗಳ ಮುಂದೆ ಹೇಳಿದ. ಅವರು ಅವನ ಬೆನ್ನು ಸವರಿದರು. ಒಬ್ಬ, ನೀನು ಇಳಿಸದಿದ್ದರೆ ಆ ಕಾರು ಐಮಂಗಲದವರೆಗೂ ಹೋಗುತ್ತಿರಲಿಲ್ಲ ಎಂದ. ಉಗಿಯಿರೋ ನನ್ನ ಮುಖಕ್ಕೆ ಎಂದು ಚಿತ್ತಪ್ಪ ಒಳಗೊಳಗೇ ಬೇಡಿಕೊಂಡ. ಊರಲ್ಲಿ ಒಬ್ಬನೂ ಉಗಿಯಲಿಲ್ಲ. ಕುಡಿದು ಓಡಿಸಿದ್ದನಂತೆ, ಸೊಕ್ಕಿನಲ್ಲಿ ಓಡಿಸಿದ್ದನಂತೆ ಎಂದು ಸತ್ತವನ ಮೇಲೆ ಮಾತು ಬೆಳೆಯಿತು.

ತಿಥಿ ಮುಗಿದ ಮರುದಿನ ಜುಂಜಮ್ಮನನ್ನು ತವರಿಗೆ ಕರೆದೊಯ್ಯಲು ಬಾಗೂರಿನಿಂದ ಅವಳ ಅಣ್ಣ ಪಾಲಣ್ಣ ಬಂದ. ಹಿರಿಯೂರಿನ ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸು ನಿಂತಿತ್ತು. ಪಾಲಣ್ಣ ಗಂಟು ಹೊತ್ತು ಒಳಗೆ ಹೋದ. ಇವಳಾದರೂ ಶಪಿಸಲಿ ಎಂದುಕೊಂಡು ಚಿತ್ತಪ್ಪ ಅವಳ ಮುಂದೆ ನಿಂತ.

"ಅವನ್ನ ಕೊಂದಿದ್ದು ನಾನೇ ಕಣವ್ವ. ಗಾಳಿ ಇಳ್ಸಿ ಕೊಂದೆ. ಅವನು ಕೇಳ್ದ, ನಾನೇ ಹೋಗು ಅಂದೆ."

ಜುಂಜಮ್ಮನ ಬೋಳು ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಅವ್ರಿಗೆ ಏನೂ ಆಗ್ಬಾರ್ದು ಅಂತ ಅಲ್ವಾ ಬಾವ ನೀನು ಇಳ್ಸಿದ್ದು," ಎಂದಳು.

ಬೈಗುಳಕ್ಕಾದರೆ ಅವನು ತಯಾರಾಗಿದ್ದ. ಕಂಡಕ್ಟರು ಸೀಟಿ ಊದಿದ. ಪಾಲಣ್ಣ ಕಿಟಕಿಯಿಂದ ಕರೆದ. ಅವಳು ಬಾಗಿಲ ಕಂಬಿ ಹಿಡಿದವಳು ಕೈ ಬಿಟ್ಟಳು.

"ನಂಗೆ ಗಾಡಿ ಹತ್ತಕ್ಕೆ ಜೀವ ನಡುಗ್ತೈತೆ. ಇದರ ಚಕ್ರ ಒಂದ್ಸಲ ನೋಡು ಬಾವ. ನೀನು ಸರಿ ಅಂದ್ರೆ ಹತ್ತೀನಿ."

ಚಿತ್ತಪ್ಪ ಹಿಂದಿನ ಚಕ್ರದ ಹತ್ತಿರ ಕೂತು ಟೈರಿನ ಮೇಲೆ ಅಂಗೈ ಇಟ್ಟ. ಅದು ಕಾದಿತ್ತು. ಇಷ್ಟು ಕಾವು ಸರಿಯೋ ಹೆಚ್ಚೋ ಅವನಿಗೆ ತಿಳಿಯಲಿಲ್ಲ. ಮುಂದಿನದನ್ನೂ ಮುಟ್ಟಿದ, ಆ ಪಕ್ಕ ಹೋಗಿ ಉಳಿದವುಗಳನ್ನೂ ಮುಟ್ಟಿದ. ಒಳಗಿದ್ದವರು ಹೊತ್ತಾಯಿತೆಂದು ಗೊಣಗುತ್ತಿದ್ದರು. ಸುತ್ತಿ ಬಂದು ನೋಡಿದರೆ ಅವಳು ಬಿಸಿಲಲ್ಲಿ ಅಲ್ಲೇ ನಿಂತು ಅವನ ಮುಖವನ್ನೇ ಕಾಯುತ್ತಿದ್ದಳು.

ಅವನು ಸರಿಯೆಂದು ತಲೆಯಾಡಿಸಿದ. ಜುಂಜಮ್ಮ ಸೆರಗು ಬಿಗಿದುಕೊಂಡು ಬಸ್ಸು ಹತ್ತಿದಳು.