ಜಾರುವ ಮಂದ್ರ

ಕಾಂತೇಶ್ ಎಡಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡು ಮಾತಾಡಿದ. ಶೆಟ್ಟಿಕೊಪ್ಪದ ಅವರ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೆ ಆ ಕೈಯ ಎರಡು ಬೆರಳು ಹೋಗಿ ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮುಂಚೆ ಒಂಬತ್ತು ವರ್ಷ ಅವನು ಬಸವೇಶ್ ಅವರ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸಿದ್ದ. ಗಿಟಾರಿನಲ್ಲಿ ತಂತಿ ಒತ್ತಿ ಹಿಡಿಯುವುದು ಎಡಗೈ.

"ಭಾನುವಾರ ಶೃಂಗೇರಿಯಲ್ಲಿ ಒಂದು ರಿಸೆಪ್ಷನ್ ಇದೆ ಶಿಲ್ಪಕ್ಕ. ಶುಕ್ರವಾರ ಪ್ರಾಕ್ಟೀಸ್. ಅಷ್ಟರೊಳಗೆ ಕೀಬೋರ್ಡಲ್ಲಿ ಬಾಸ್ ನುಡಿಸಿ ತೋರ್ಸು, ಇಲ್ದಿದ್ರೆ ಈಗ ನಿನ್ನ ಜಾಗದಲ್ಲಿ ನುಡಿಸ್ತಿರೋ ತೀರ್ಥಹಳ್ಳಿಯವನ್ನ ಕಾಯಂ ಮಾಡ್ಕೊಳ್ತೀನಿ ಅಂದಿದಾರೆ ಬಸವೇಶಣ್ಣ."

"ಕೀಬೋರ್ಡಲ್ಲೇ ಬಾಸ್ ಸದ್ದು ಇರುತ್ತಲ್ಲ?"

"ಇದೆ, ಡಬ್ಬ ಬಡಿದ ಹಂಗೆ. ನಂಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರ್ಕೊಂಡು ಹೋಗ್ಬೇಕು. ಮೊದ್ಲು ತಂತಿ ಮೇಲೆ ಬೆರಳು ಎಳೀತಿದ್ನಲ್ಲ, ಅದು. ಹೊಟ್ಟೆ ತುಂಬಿದ ಸದ್ದು."

ನಾನು ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬಿಡುವಿನಲ್ಲಿ ಲ್ಯಾಪ್‌ಟಾಪಿಗೊಂದು ಕೀಬೋರ್ಡ್ ಜೋಡಿಸಿ ಸದ್ದುಗಳನ್ನು ಕಟ್ಟುವುದು ನನ್ನ ಹವ್ಯಾಸ. ಹಾಗೆ ಕಟ್ಟಿದ್ದನ್ನು ಯಾರೂ ಈವರೆಗೆ ಬೇಕೆಂದು ಕೇಳಿರಲಿಲ್ಲ.

ಸೋಮವಾರ ಕಾಲೇಜು ಮುಗಿಸಿ ಬಂದವಳೇ ಕುಳಿತೆ. ಮೊದಲು ಗರಗಸದ ಹಲ್ಲಿನ ಆಕಾರದ ಒಂದು ಅಲೆ ತೆಗೆದುಕೊಂಡೆ. ಸೆಕೆಂಡಿಗೆ ನೂರಹತ್ತು ಕಂಪನ. ಒಂದೇ ಇದ್ದಾಗ ಅದು ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು, ಅರ್ಧ ಕಂಪನದಷ್ಟು ಮಾತ್ರ ಹೆಚ್ಚಿಸಿ ಇಟ್ಟೆ. ಈಗ ಎರಡೂ ಸೇರುತ್ತಾ ಬೇರಾಗುತ್ತಾ ಎರಡು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯತೊಡಗಿದವು, ನಿದ್ದೆಹೋದವರ ಎದೆಯ ಹಾಗೆ. ಅವೆರಡರ ಕೆಳಗೆ, ಒಂದು ಸ್ಥಾಯಿ ತಗ್ಗಿಗೆ, ನುಣುಪಾದ ಮೂರನೆಯ ಅಲೆಯೊಂದನ್ನು ಹಾಸಿದೆ. ಮೇಲಿನ ಚೂಪುಗಳನ್ನೆಲ್ಲ ಫಿಲ್ಟರಿನಿಂದ ಸೋಸಿದೆ. ಹಳೆಯ ಅನಲಾಗ್ ಕೀಬೋರ್ಡುಗಳು ಬಿಸಿಯಾದಂತೆ ಅವುಗಳ ಶ್ರುತಿ ಕೂದಲೆಳೆಯಷ್ಟು ಅಲುಗುತ್ತಿತ್ತು. ಆ ತಪ್ಪನ್ನೂ ಬೇಕೆಂದೇ ಸೇರಿಸಿದೆ. ತಪ್ಪು ಸೇರಿದ ಮೇಲೆ ಸದ್ದಿಗೆ ಮೈ ಬಂತು.

ಕಣ್ಣು ಮುಚ್ಚಿ ಒಂದೇ ಸ್ವರ ಹಿಡಿದು ಕುಳಿತೆ. ಗೋಡೆ ಎಲ್ಲಿ ಮುಗಿಯಿತು, ಸದ್ದು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಕೋಣೆಯೇ ನಿಧಾನವಾಗಿ ನೀರಿನ ಮೇಲೆ ತೇಲಿದಂತಿತ್ತು.

"ಎಂತದೇ ಕೂಸೆ, ಮಹಡಿ ಮೇಲೆ ಎಮ್ಮೆ ಕಟ್ಟಿದ್ಯಾ?" ಕೆಳಗಿನಿಂದ ಚಿಕ್ಕಕ್ಕ ಕೂಗಿದರು. ನಾನು ಬಾಡಿಗೆಗಿರುವ ಮನೆಯ ಒಡತಿ ಆಕೆ, ಕೇರಿಗೆಲ್ಲ ಚಿಕ್ಕಕ್ಕ.

ಮಂಗಳವಾರವೆಲ್ಲ ಜಾರುವಿಕೆಗೆ ಹೋಯಿತು. ಹಿಂದೆ ಇದನ್ನು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಮಾಡುತ್ತಿದ್ದವು. ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಪ್ರತಿವರ್ಷ ಗ್ರಾಫ್ ಹಾಳೆಯ ಮೇಲೆ ಬರೆಯುವ ಅದೇ ರೇಖೆ: ಮೊದಲು ಆತುರ, ಗುರಿ ಹತ್ತಿರವಾದಂತೆ ಸಂಕೋಚ. ಸ್ವರವೂ ಹಾಗೆಯೇ ಹೊರಟು, ಮುಂದಿನ ಸ್ವರದ ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಹೋಗಬೇಕು. ಒಂದು ಕೀ ಒತ್ತಿರುವಾಗಲೇ ಇನ್ನೊಂದನ್ನು ಒತ್ತಿದರೆ ಜಾರಲಿ, ಬೆರಳೆತ್ತಿ ಒತ್ತಿದರೆ ಬೇಡ ಎಂದು ನಿಯಮ ಮಾಡಿದೆ. ಎಲ್ಲಿ ಜಾರಬೇಕೆಂಬುದನ್ನು ನುಡಿಸುವವನ ಬೆರಳೇ ತೀರ್ಮಾನಿಸುತ್ತದೆ. ನಾನು ನುಡಿಸಿದಾಗ ಅದು ಸರಿಯಾಗಿ ಬಂತು.

ಬುಧವಾರ ಕಾಂತೇಶ್ ಬಂದು ಬಲಗೈಯಲ್ಲಿ ಒಂದು ಪಲ್ಲವಿ ನುಡಿಸಿದ. ಪ್ರತಿಯೊಂದು ಸ್ವರವೂ ಜಾರಿತು. ಹಾಡು ಎಲ್ಲಿಯೂ ಕಾಲೂರಲಿಲ್ಲ.

"ಕುಡಿದೋನು ಗದ್ದೆ ಅಂಚಲ್ಲಿ ನಡ್ದಂಗಿದೆ," ಎಂದು ಅವನೇ ನಕ್ಕ. ಆ ನಗು ಬೇಗ ನಿಂತಿತು.

ಜಾರುವ ಸಮಯ ತುಸು ಹೆಚ್ಚಾಗಿರಬೇಕೆಂದು ಕಡಿಮೆ ಮಾಡಿದೆ. ಮತ್ತೆ ನುಡಿಸಿದ, ಮತ್ತೆ ಕಡಿಮೆ ಮಾಡಿದೆ. ಗುರುವಾರ ಸಂಜೆಯ ಹೊತ್ತಿಗೆ ಅಮಲು ಇಳಿದಿತ್ತು, ಆದರೆ ಜಾರುವುದೂ ಕೇಳಿಸುತ್ತಿರಲಿಲ್ಲ. ಉಳಿದದ್ದು ಡಬ್ಬ.

"ಬಿಡಿ ಅಕ್ಕ. ತೀರ್ಥಹಳ್ಳಿಯವ್ನು ಚೆನ್ನಾಗೇ ನುಡಿಸ್ತಾನೆ," ಎಂದ ಕಾಂತೇಶ್. ಅವನು ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಚಿಕ್ಕಕ್ಕ ಕಾಫಿ ಹಿಡಿದು ಮೇಲೆ ಬಂದರು.

"ಕೂತ್ಕೋ ಮಾರಾಯ. ಕಾಫಿ ತಂದೋಳಿಗೆ ಒಂದು ಹಾಡಾದ್ರೂ ಬೇಡ್ವಾ?"

ಅವನು ಬೇಸರದಿಂದಲೇ ನುಡಿಸಿದ. ಚಿಕ್ಕಕ್ಕ ಹಾಡು ಕೇಳುವುದನ್ನು ಬಿಟ್ಟು ಅವನ ಬೆರಳುಗಳನ್ನೇ ನೋಡುತ್ತಿದ್ದರು.

"ಭಜನೆ ಕೈ ಇದು. ಯಾವ ಊರಿನ ಮಂಡಳಿ?"

"ಅಡ್ಡಗದ್ದೆ. ಅಜ್ಜನ ಮನೆ ಅಲ್ಲಿ. ಸಣ್ಣೋನಿದ್ದಾಗ ಹಾರ್ಮೋನಿಯಂಗೆ ಕೂರಿಸ್ತಿದ್ರು. ಯಾಕೆ?"

"ಏಕಾಹಕ್ಕೂ ಕೂತಿದ್ಯಲ್ಲ, ಅದಕ್ಕೇ. ಬೆರಳು ಬಿಡೋದೇ ಇಲ್ಲ ನೀನು."

ಒಂದು ಹಗಲು ಒಂದು ರಾತ್ರಿ ನಿಲ್ಲದೆ ನಡೆಯುವ ಭಜನೆಗೆ ಇಲ್ಲಿ ಏಕಾಹ ಎನ್ನುತ್ತಾರೆ. ಅದರಲ್ಲಿ ಸ್ವರ ಕಡಿಯಬಾರದು. ಹಾರ್ಮೋನಿಯಂ ನುಡಿಸುವವರು ಬದಲಾಗುವಾಗಲೂ ಹೊಸಬ ಬಂದು ಅದೇ ಕೀಯ ಮೇಲೆ ಬೆರಳಿಟ್ಟ ಮೇಲೆಯೇ ಹಳಬ ತನ್ನ ಬೆರಳು ತೆಗೆಯಬೇಕು. ಹಾಗೆ ಕಲಿತ ಕೈ ಮುಂದಿನದನ್ನು ಒತ್ತದೆ ಹಿಂದಿನದನ್ನು ಬಿಡುವುದಿಲ್ಲ. ನನ್ನ ನಿಯಮದ ಪ್ರಕಾರ ಅಂಥ ಕೈಯಲ್ಲಿ ಪ್ರತಿ ಸ್ವರವೂ ಜಾರಲೇಬೇಕು. ನಾನು ಎರಡು ದಿನ ಸದ್ದನ್ನು ತಿದ್ದುತ್ತಿದ್ದೆ. ನೋಡಬೇಕಾಗಿದ್ದು ಅವನ ಕೈಯನ್ನು.

"ಆ ಅಭ್ಯಾಸ ಒಂದೇ ದಿನಕ್ಕೆ ಹೋಗಲ್ಲ ಅಕ್ಕ," ಎಂದ ಕಾಂತೇಶ್.

"ಬೇಡ, ಇರಲಿ. ಹಾರ್ಮೋನಿಯಂ ನುಡಿಸುವಾಗ ಎಡಗೈ ಏನು ಮಾಡ್ತಿತ್ತು?"

"ತಿದಿ ಒತ್ತಿ ಗಾಳಿ ತುಂಬ್ತಿತ್ತು."

ಕೀಬೋರ್ಡಿನ ಎಡತುದಿಯಲ್ಲಿ ಒಂದು ಸಣ್ಣ ಚಕ್ರವಿದೆ. ನನ್ನ ನಿಯಮವನ್ನು ಅಳಿಸಿ, ಜಾರುವಿಕೆಯನ್ನೆಲ್ಲ ಆ ಚಕ್ರಕ್ಕೆ ಕಟ್ಟಿದೆ. ಕೆಳಗಿದ್ದರೆ ಸ್ವರ ನೆಟ್ಟಗೆ ನಿಲ್ಲುತ್ತದೆ. ಮೇಲೆ ತಳ್ಳಿದಷ್ಟೂ ಉದ್ದವಾಗಿ ಜಾರುತ್ತದೆ, ಫಿಲ್ಟರ್ ತುಸು ತೆರೆದು ದನಿ ತುಂಬಿಕೊಳ್ಳುತ್ತದೆ. ಅದನ್ನು ತಳ್ಳಲು ಅಂಗೈ ಸಾಕು.

ಕಾಂತೇಶ್ ಮೇಜಿನ ಕೆಳಗಿಂದ ಎಡಗೈ ತೆಗೆದು ಅದರ ಮೇಲಿಟ್ಟ. ಪಲ್ಲವಿ ನೆಟ್ಟಗೆ ನಡೆಯಿತು. ಅಂಗೈಯನ್ನು ಮೆಲ್ಲಗೆ ಮುಂದೆ ಸರಿಸಿದಾಗ ಸ್ವರ ತನ್ನ ಜಾಗದಿಂದ ಕಳಚಿಕೊಂಡು, ಹೊಳೆಯ ತಿರುವಿನಲ್ಲಿ ಎಲೆ ಸರಿದಂತೆ, ಕೆಳಗಿನ ಸ್ವರದೊಳಕ್ಕೆ ಇಳಿಯಿತು. ಚಿಕ್ಕಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದರು. ನಾವು ಮೂವರೂ ಸ್ವಲ್ಪ ಹೊತ್ತು ಎಲ್ಲಿದ್ದೆವೋ ಏನೋ. ಕಾಫಿ ಆರಿತ್ತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಅವನ ಜೊತೆ ಶೃಂಗೇರಿಗೆ ಹೋದೆ. ಪ್ರಾಕ್ಟೀಸ್ ನಡೆಯುವುದು ಒಂದು ಲಾಡ್ಜಿನ ಮೇಲಂತಸ್ತಿನಲ್ಲಿ. ಕಿಟಕಿಯಾಚೆ ತುಂಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ. ಬಸವೇಶ್ ಡ್ರಮ್ಸಿನ ಹಿಂದೆ ಕೂತಿದ್ದರು. ದೊಡ್ಡ ಮೈ, ಸಣ್ಣ ಕನ್ನಡಕ. ನನಗೆ ನಮಸ್ಕಾರ ಹೇಳಿದರು. ಕಾಂತೇಶನಿಗೆ ಬರೀ ತಲೆಯಾಡಿಸಿದರು.

ದೊಡ್ಡ ಸ್ಪೀಕರಿನಲ್ಲಿ ಆ ಸದ್ದನ್ನು ನಾನೂ ಕೇಳಿದ್ದು ಅದೇ ಮೊದಲು. ಅದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಗಾಯಕಿ ಹಾಡುತ್ತಲೇ ಒಮ್ಮೆ ಹಿಂತಿರುಗಿ ನೋಡಿದಳು. ಕಾಂತೇಶನಿಗೆ ಧೈರ್ಯ ಬಂದಿರಬೇಕು. ಚಕ್ರವನ್ನು ತಳ್ಳಿದ, ಮತ್ತೆ ತಳ್ಳಿದ, ಸಾಲುಸಾಲಿಗೂ ಜಾರಿದ.

ಬಸವೇಶ್ ಕೋಲಿನಿಂದ ಡ್ರಮ್ಮಿನ ಅಂಚಿಗೆ ಹೊಡೆದು ಹಾಡು ನಿಲ್ಲಿಸಿದರು.

"ಏಯ್! ಹೊಸ ಸೈಕಲ್ ಸಿಕ್ಕಿದೆ ಅಂತ ಊರೆಲ್ಲ ಸುತ್ತಬೇಕಾ? ಪಲ್ಲವೀಲಿ ತೆಪ್ಪಗಿರು. ಚರಣದ ಕೊನೇಲಿ ಒಂದು ಸಲ, ಒಂದೇ ಸಲ ಜಾರ್ಸು. ಒಂಬತ್ತು ವರ್ಷ ಇದನ್ನೇ ಬಡ್ಕೊಂಡೆ ನಿಂಗೆ. ಬೆರಳಿನ ಜೊತೆ ಬುದ್ಧೀನೂ ಮಿಷನ್‌ಗೆ ಹಾಕಿದ್ಯಾ?"

ನಾನು ಕಾಂತೇಶನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು, ಬಾಯಿ ನಗುತ್ತಿತ್ತು. ಬೆರಳು ಹೋದ ದಿನದಿಂದ ಇವರೆಲ್ಲ ತನ್ನ ಹತ್ತಿರ ಆಸ್ಪತ್ರೆಗೆ ನೋಡಲು ಬಂದವರ ದನಿಯಲ್ಲೇ ಮಾತಾಡುತ್ತಿದ್ದರು ಎಂದು ಅವನು ಬಸ್ಸಿನಲ್ಲಿ ಹೇಳಿದ್ದ.

"ಆಯ್ತು ಅಣ್ಣ."

"ಆಯ್ತು ಅಲ್ಲ, ನುಡ್ಸು."

ಮತ್ತೆ ಶುರುವಾಯಿತು. ಪಲ್ಲವಿಯುದ್ದಕ್ಕೂ ಅವನ ಎಡಗೈ ಚಕ್ರದ ಮೇಲೆ ಸುಮ್ಮನಿತ್ತು. ಚರಣ ಬಂತು, ಅದರ ಕೊನೆಯ ಸಾಲು ಬಂತು. ಅಂಗೈ ಒಂದೇ ಒಂದು ಸಲ ಮುಂದೆ ಹೋಯಿತು. ಸ್ವರ ನೆಲದೊಳಗಿನಿಂದ ಎದ್ದು, ತಡೆದು, ಸರಿಯಾದ ಜಾಗಕ್ಕೆ ಬಂದು ಕೂತಿತು.

ಬಸವೇಶ್ ಈ ಸಲ ನಿಲ್ಲಿಸಲಿಲ್ಲ. ಹಾಡು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ಭಾನುವಾರ ಎಲ್ಲರೂ ಮೂರು ಗಂಟೆಗೇ ಹಾಲ್‌ನಲ್ಲಿರಬೇಕು ಎಂದರು. "ನೀನೂ, ಕಾಂತೇಶ. ಶೆಟ್ಟಿಕೊಪ್ಪದಿಂದ ಬಸ್ ತಪ್ತು ಅಂತ ಕಥೆ ಹೇಳ್ಬೇಡ."

ಆಮೇಲೆ ಮುಂದಿನ ಹಾಡಿನ ಶ್ರುತಿ ಹೇಳಿದರು.