ಬೆರಳಿಗಿಂತ ಮೊದಲು ಬಾಗಿಲು

ಬೆರಳು ಯಾರವು ಅನ್ನುವುದರಲ್ಲಿ ಕೋರ್ಟಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾಗಿಲು ಯಾರದ್ದು ಅನ್ನುವುದೇ ಇತ್ಯರ್ಥವಾಗಬೇಕಿತ್ತು.

ಮರ ಕೊಯ್ಯುವ ಮಿಲ್ಲಿನ ಆಫೀಸಿನ ಬಾಗಿಲಿಗೆ ತಮ್ಮ ತನ್ನ ಬೀಗ ಜಡಿದಿದ್ದ. ಒಡೆಯಲು ಅಣ್ಣ ಕೊಡಲಿ ತಂದ. ತಮ್ಮ ಬೀಗವನ್ನು ಮುಷ್ಟಿಯಲ್ಲಿ ಹಿಡಿದ. ಏಟು ಬಿತ್ತು. ಬಲಗೈಯ ಮೂರು ಬೆರಳು ಹೊಸ್ತಿಲ ಮೇಲೆ ಉದುರಿದವು. ಬೀಗಕ್ಕೆ ಗೀರು ಕೂಡ ಬೀಳಲಿಲ್ಲ.

"ಬೀಗಕ್ಕೇ ಹೊಡೆದೆ ಸಾರ್, ಇವನು ಕೈ ಅಡ್ಡ ತಂದ," ಅಂದ ಅಣ್ಣ, ಪೊಲೀಸರೆದುರು. ಮೂವತ್ತು ವರ್ಷ ಕೂದಲೆಳೆಯಷ್ಟೂ ಗೆರೆ ತಪ್ಪದೆ ದಿಮ್ಮಿ ಸೀಳಿದ ಕೈ ಅಣ್ಣನದು. ಬೇಕಂತಲೇ ಹೊಡೆದೆ ಎಂದು ಅವನು ನಾಲ್ಕು ಜನರೆದುರು ಬಾಯಿಬಿಡಬೇಕು. ತಮ್ಮನಿಗೆ ಬೇಕಾಗಿದ್ದು ಇಷ್ಟೇ.

ಅಣ್ಣನ ವಕೀಲರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. "ಮಿಲ್ಲು ಯಾರದ್ದು ಅಂತ ಸಿವಿಲ್ ದಾವೆ ನಡೀತಿದೆ ಸ್ವಾಮಿ. ಅದು ನಮ್ಮ ಕಕ್ಷಿದಾರರದ್ದಾದರೆ ಬಾಗಿಲೂ ಅವರದ್ದೇ. ಸ್ವಂತ ಬಾಗಿಲಿನ ಬೀಗ ಒಡೆಯೋದು ಅಪರಾಧವೇ? ಅದು ತೀರ್ಮಾನ ಆಗೋವರೆಗೆ ಈ ಕ್ರಿಮಿನಲ್ ವಿಚಾರಣೆ ನಿಲ್ಲಿಸಬೇಕು."

ನಿಂತಿತು.

"ಎಷ್ಟು ದಿನ ಮೇಡಂ?" ತಮ್ಮ ತನ್ನ ವಕೀಲೆಯನ್ನು ಕೇಳಿದ.

"ಸಿವಿಲ್ ದಾವೆ ಕಣಪ್ಪಾ. ದಿನದಲ್ಲಿ ಕೇಳಬೇಡ. ಮೇಲಿನ ಕೋರ್ಟಿಗೆ ಹಾಕ್ತೀನಿ, ಅಲ್ಲೂ ಸರದಿ ಇದೆ. ಅಲ್ಲೀವರೆಗೆ ಇಬ್ಬರೂ ಮಿಲ್ಲಲ್ಲಿ ಮೊದಲಿನ ಹಾಗೇ ಇರಬೇಕು ಅಂತ ಸಿವಿಲ್ ಜಡ್ಜ್ ಆದೇಶ. ಕೆಲಸ ಬಿಟ್ಟೆಯೋ, ಹಕ್ಕು ಬಿಟ್ಟ ಹಾಗೆ."

ಹೀಗಾಗಿ ಕಡಿದವನೂ ಕಡಿಸಿಕೊಂಡವನೂ ಒಂದೇ ಗರಗಸದ ಆಚೆಗೊಬ್ಬ ಈಚೆಗೊಬ್ಬ ನಿಂತರು. ಅಣ್ಣ ದಿಮ್ಮಿ ನೂಕಬೇಕು, ತಮ್ಮ ಹಲಗೆ ಹಿಡಿಯಬೇಕು. ಗರಗಸ ಓಡುವಾಗ ಮಿಲ್ಲಿನಲ್ಲಿ ಕಿವಿ ಇದ್ದೂ ಇಲ್ಲದಂತೆ. ಅಲ್ಲಿನವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು. ಅಂಗಳದ ಆ ತುದಿಯ ಬೈಗುಳವನ್ನು ಈ ತುದಿಯಲ್ಲಿ ಓದಿಕೊಂಡು ನಗುವಷ್ಟು ಪಳಗಿದ್ದರು.

ಮೂರನೆಯ ದಿನ ಒಂದು ಹಲಗೆ ತಮ್ಮನ ಕೈಯಿಂದ ಜಾರಿತು. ಅಣ್ಣನ ತುಟಿ ನಿಧಾನವಾಗಿ, ಬಿಡಿಸಿ ಬಿಡಿಸಿ ಆಡಿತು: "ಯಾಕೋ, ಬೆರಳು ಸಾಲ್ತಿಲ್ವಾ? ದಾವೆ ಮುಗೀಲಿ, ಹುಡುಕಿಕೊಡ್ತೀನಿ."

ಆಳುಗಳು ಓದಿದರು. ಇಬ್ಬರು ನಕ್ಕೇಬಿಟ್ಟರು.

ತಮ್ಮ ಎಡಗೈಗೆ ಹಾರೆ ಎತ್ತಿಕೊಂಡ. ಮೊದಲ ಏಟು ಅಣ್ಣನ ಮಂಡಿಗೆ. ಚಿಪ್ಪು ಒಡೆದದ್ದು ಕಬ್ಬಿಣದ ಮೂಲಕವೇ ಅವನ ಅಂಗೈಗೆ ತಿಳಿಯಿತು. ಎರಡನೆಯದು ಹೆಗಲಿಗೆ. ಬಾಯಿ ಬೇಕಾಗಿತ್ತು, ಅದಕ್ಕೇ ಮುಖಕ್ಕೆ ಹೊಡೆಯಲಿಲ್ಲ. ಕುಸಿದವನ ಕೂದಲು ಹಿಡಿದು ಹಿಂದಿನಿಂದ ಎಳೆದು, ಮುಖವನ್ನು ಓಡುವ ಅಲಗಿಗೆ ಗೇಣು ದೂರ ಒಯ್ದ. ಮರದ ಹುಡಿ ಅಣ್ಣನ ಕಣ್ಣಿಗೆ ಎರಚುತ್ತಿತ್ತು. ಕೊಸರಾಟದಲ್ಲಿ ಹಣೆಯ ಚರ್ಮ ಗರಗಸದ ಹಲ್ಲಿಗೆ ತಾಗಿ ಸೀಳಿತು, ರಕ್ತ ಇಬ್ಬರಿಗೂ ಸಿಡಿಯಿತು.

"ಹೇಳು! ಬೇಕಂತಲೇ ಹೊಡೆದೆ ಅಂತ ಹೇಳೋ!"

ಹಿಂದಿನಿಂದ ಅವನ ದವಡೆ ಆಡುವುದಷ್ಟೇ ಕಂಡಿತು. ಅಣ್ಣ ಏನನ್ನೋ ಹೇಳುತ್ತಿದ್ದ, ಉದ್ದಕ್ಕೆ ಹೇಳುತ್ತಿದ್ದ. ತುಟಿ ಕಾಣುತ್ತಿದ್ದದ್ದು ಅಲಗಿಗೆ ಮಾತ್ರ.

ಮೇಸ್ತ್ರಿ ಓಡಿಬಂದು ಮೋಟರು ನಿಲ್ಲಿಸಿದ.

"ಏನಂದ?" ತಮ್ಮ ಏದುಸಿರು ಬಿಡುತ್ತ ಕೇಳಿದ. "ನೀವ್ಯಾರಾದ್ರೂ ನೋಡಿದ್ರಾ?"

"ಮುಖ ಆ ಕಡೆ ತಿರುಗಿಸಿದ್ಯಲ್ಲೋ, ದಡ್ಡ," ಅಂದ ಮೇಸ್ತ್ರಿ. "ನಿನ್ನ ಬಾಯಿ ಮಾತ್ರ ಕಂಡಿದ್ದು."

ಅಣ್ಣ ರಕ್ತದ ನಡುವೆ ಒಂದು ಕಣ್ಣು ಬಿಟ್ಟ. "ನಾನೇನೂ ಅನ್ನಲಿಲ್ಲ," ಅಂದ.

ಸಂಜೆ ಲಾಕಪ್ಪಿಗೆ ಬಂದ ವಕೀಲೆ ಬೈದು ಮುಗಿಸಿ ಪೆನ್ನು ತೆಗೆದರು. "ಇರಲಿ. ಅವರ ಅರ್ಜಿಯನ್ನೇ ನಮಗೂ ಹೊಂದಿಸ್ತೀನಿ. ಮಿಲ್ಲಿನ ದಾವೆ ಮುಗಿಯೋವರೆಗೆ ನಿನ್ನ ಮೇಲಿನ ಕೇಸೂ ನಿಲ್ಲಲಿ."

"ಬೇಡ ಮೇಡಂ. ನಡೀಲಿ."

"ತಲೆ ಕೆಟ್ಟಿದೆಯಾ? ಏಳು ವರ್ಷ ಒಳಗೆ ಹೋಗ್ತೀಯ."

"ಈ ಕೇಸಲ್ಲಿ ಹೊಡೆಸಿಕೊಂಡವನು ಅವನು. ಸಾಕ್ಷಿ ಹೇಳೋಕೆ ಕಟಕಟೆ ಹತ್ತಲೇಬೇಕು, ಅಲ್ವಾ? ನೀವು ಅವನನ್ನ ಪ್ರಶ್ನೆ ಕೇಳಬಹುದು, ಅಲ್ವಾ?"

ವಕೀಲೆ ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ನಡೀಲಿ," ಅಂದ ತಮ್ಮ. "ಬೇಗ ನಡೀಲಿ."