ಗಂಧಕದ ಬಿಳುಪು

ಬೆಂಕಿಕಡ್ಡಿ ಗೀರಿದ ವಾಸನೆ, ಆದರೆ ಯಾರೂ ಕಡ್ಡಿ ಗೀರಿರಲಿಲ್ಲ, ಆಲೆಮನೆಯ ಒಲೆ ಕೋಳಿ ಕೂಗುವ ಹೊತ್ತಿನಿಂದಲೇ ಉರಿಯುತ್ತಿತ್ತು, ಹುಲ್ಲಹಳ್ಳಿ ನಾಲೆಯ ಬಯಲಿನ ಮೇಲೆ ಧನುರ್ಮಾಸದ ಮಂಜು ಇನ್ನೂ ಕೂತಿತ್ತು, ಸಂಕ್ರಾಂತಿಗೆ ಹನ್ನೆರಡೇ ದಿನ, ಎರಡನೆಯ ಕೊಪ್ಪರಿಗೆ ಕುದಿಗೆ ಬಂದಿತ್ತು, ಮಾವ ಶಿವಸ್ವಾಮಿ ಡಬ್ಬದಿಂದ ಬಿಳಿ ಪುಡಿ ಒಂದು ಹಿಡಿ ತೆಗೆದು ಪಾಕದ ಮೇಲೆ ಬೀಸಿದ್ದರು ಅಷ್ಟೆ — ಭಾನುವಾರವೆಂದು ತಿಂಡಿಯ ಡಬ್ಬಿ ತಂದು ಬಾಗಿಲಲ್ಲಿ ನಿಂತ ಶ್ವೇತಳ ಮೂಗಿಗೆ ಅದು ಗೊತ್ತು, ನರಸೀಪುರದ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ ತೋರಿಸಲು ಕಿಟಕಿಗಳನ್ನೆಲ್ಲ ತೆಗೆಸಿ ತಾನೇ ಹೊರಡಿಸುವ ವಾಸನೆ, ಸಲ್ಫರ್ ಡೈಆಕ್ಸೈಡ್, ಇಲ್ಲಿ ಹೇಗೆ, ಏನದು ಮಾವ. ಪೌಡ್ರು ಕಣವ್ವ, ಐಡ್ರೋಸು, ಬೆಲ್ಲ ಬೆಳ್ಳಗೆ ಬರ್ಲಿ ಅಂತ, ಇಲ್ದಿದ್ರೆ ಮಂಡಿಯೋರು ತಿರುಗೂ ನೋಡಲ್ಲ. ಯಾವಾಗ್ಲೂ ಹಾಕ್ತೀರಾ. ಇನ್ನೇನ್ ಮತ್ತೆ, ನಮ್ಮಪ್ಪನ ಕಾಲಕ್ಕೆ ಬೆಂಡೆಗಿಡದ ಲೋಳೆ ಸಾಕಾಗಿತ್ತು. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಪುಟ್ಟಮಾದಮ್ಮ ನಕ್ಕಳು, ಮದ್ವೆಯಾಗಿ ವರ್ಸ ತುಂಬ್ತು, ಮೇಡಮ್ನೋರು ಕುದಿಯೋ ಒತ್ಗೆ ಇವತ್ತೇ ಬಂದಿರೋದು, ಮೂಗ್ ನೋಡು ಎಂಗ್ ಸೊಟ್ಟ ಮಾಡ್ಕಂಡವ್ರೆ.

ಯಾವಾಗಲೂ — ಹಾಗಾದರೆ ದೀಪಾವಳಿ ಕಳೆದ ಮೇಲೆ ಮೇಘನಾಳಿಗೆ ಕೊಟ್ಟ ಮೂರು ಅಚ್ಚು ಬೆಲ್ಲಕ್ಕೂ, ಎರಡನೇ ಪಿಯುಸಿಯ ಮೇಘನಾ, ಸೋಸಲೆಯಿಂದ ಬರುವವಳು, ಮೇಡಂ ನಮ್ಮಮ್ಮಂಗೆ ಉಬ್ಬಸ, ಅಂಗ್ಡಿ ಬೆಲ್ಲ ತಿಂದ್ರೆ ಎದೆ ಕಟ್ಕತದೆ, ಡಾಕ್ಟ್ರು ಪೌಡ್ರು ಆಕಿರೋದು ಬ್ಯಾಡ ಅಂದವ್ರೆ, ನಿಮ್ಮನೆದಾದ್ರೆ ನಂಬ್ಬೋದು. ಅವತ್ತು ಸಂಜೆಯೇ ಶ್ವೇತ ಮನೆಯಲ್ಲಿ ಕೇಳಿದ್ದಳು, ಮಾವ ನಮ್ಮ ಬೆಲ್ಲಕ್ಕೆ ಔಷಧಿ ಏನಾದ್ರೂ ಹಾಕಿದ್ದೀರಾ. ದೇವ್ರಾಣೆಗೂ ಇಲ್ಲ ಕಣವ್ವ, ಈ ಸಲ ಒಂದ್ ತೊಟ್ಟು ಔಸ್ದಿ ಮುಟ್ಸಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ಈ ಬಯಲಿನಲ್ಲಿ ಔಷಧಿ ಎಂದರೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬೆಳೆಗೆ ಹೊಡೆಯುವುದು, ಕೊಪ್ಪರಿಗೆಗೆ ಹಾಕುವುದು ಪೌಡ್ರು, ಸಾರಿಗೆ ಉಪ್ಪು ಹಾಕಿದ ಹಾಗೆ, ಅವರು ಕಬ್ಬಿನ ಮಾತಾಡಿದ್ದರು, ಇವಳು ಬೆಲ್ಲದ ಮಾತೆಂದುಕೊಂಡಳು, ಸಲ್ಫೇಟ್ ಎನ್ನುವಲ್ಲಿ ಸಲ್ಫೈಟ್ ಎಂದು ಬರೆದರೆ ಅರ್ಧ ಅಂಕ ಕಳೆಯುವವಳು, ಮನೆಯಲ್ಲಿ ಮಾತ್ರ ಔಷಧಿ ಎಂಬ ಒಂದೇ ಮಾತಿಗೆ ತೃಪ್ತಳಾದಳು, ಅಥವಾ ಬೇಕಾದ ಉತ್ತರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದಳೋ. ಮತ್ತೆ ಮೊನ್ನೆ ಶುಕ್ರವಾರ, ಬೋರ್ಡಿನ ಮೇಲೆ ಆವರ್ತ ಕೋಷ್ಟಕದ ಹದಿನಾರನೆಯ ಗುಂಪು, ಮೇಲೆ ಆಮ್ಲಜನಕ, ಅದರ ಕೆಳಗೆ ಗಂಧಕ, ಕೆಳಗಿಳಿದಂತೆ ಪರಮಾಣು ದಪ್ಪವಾಗುತ್ತೆ, ಎಲೆಕ್ಟ್ರಾನಿನ ಮೇಲೆ ಹಿಡಿತ ಸಡಿಲವಾಗುತ್ತೆ, ಪಕ್ಕದ ಸಾಲಿನ ಕ್ಲೋರಿನ್ ಬಲು ಬಿಗಿ, ಅದು ಬಿಳಿ ಮಾಡಿದರೆ ಬಣ್ಣವನ್ನೇ ಮುರಿದು ಹಾಕುತ್ತೆ, ಮತ್ತೆ ಬರಲ್ಲ, ಗಂಧಕದ ಬಿಳುಪು ಹಾಗಲ್ಲ, ಅದು ಬಣ್ಣದಿಂದ ಆಮ್ಲಜನಕ ಕಿತ್ಕೊಳ್ಳುತ್ತೆ, ಗಾಳಿ ಮೆಲ್ಲಗೆ ವಾಪಸ್ ಕೊಡುತ್ತೆ, ಬರ್ಕೊಳ್ಳಿ, ತಾತ್ಕಾಲಿಕ — ಮೇಘನಾ ಎದ್ದು ನಿಂತಳು, ಮೇಡಂ ನೀವ್ ಕೊಟ್ಟ ಬೆಲ್ಲಾನೂ ಮೊದ್ಲು ಅಳ್ದಿ ಇತ್ತು, ಈಗ ಕಾಫಿ ಬಣ್ಣಕ್ಕೆ ಬಂದದೆ. ತರಗತಿ ಗೊಳ್ಳೆಂದಿತು. ತೇವಕ್ಕೂ ಹಾಗಾಗುತ್ತೆ, ಕೂತ್ಕೋ, ಎಂದಿದ್ದಳು, ತೇವಕ್ಕೂ ಆಗುವುದು ನಿಜವೇ, ಆದರೂ ಆಮೇಲೆ ಬರೆದ ಸಮೀಕರಣ ಎರಡು ಸಲ ತಪ್ಪಿತು.

ಮಾವ, ನನಗೊಂದು ಕೊಪ್ಪರಿಗೆ ಪೌಡ್ರಿಲ್ಲದೆ ಬೇಕು. ಆಕಿದ್ದ ತಗ್ಯಕಾದದಾ, ಮುಂದಿಂದು ಬಿಡ್ತೀನಿ ತಕ್ಕೊ, ಕರ್ರಗಾದ್ರೆ ನನ್ ಬಯ್ಬ್ಯಾಡ. ಬಯ್ಯಲ್ಲ, ಕರ್ರಗೇ ಇರಲಿ, ನಾಳೆ ಬಸ್ಸಿನಲ್ಲಿ ಒಯ್ದು ಕೊಟ್ಟು ಹಳೆಯದನ್ನು ಈಸಿಕೊಂಡರೆ ಮುಗಿಯಿತು, ಇದು ಹೊಸ ಬೆಲ್ಲ ಅಂದರೆ ಸಾಕು, ಕಾರಣ ಯಾರು ಕೇಳುತ್ತಾರೆ — ನಾಳೆಯೇ ಯಾಕೆ, ಫೋನು ಕೈಯಲ್ಲೇ ಇತ್ತು, ಹೊಗೆ ತಪ್ಪಿಸಿ ಗದ್ದೆಯ ಬದುವಿಗೆ ಬಂದಳು. ಅಮ್ಮ ಹೇಗಿದ್ದಾರೆ ಮೇಘನಾ. ಚಳಿಗೆ ಜಾಸ್ತಿಯಾಗದೆ ಮೇಡಂ, ಗ್ವಾಡೆಗೆ ಒರಗಿ ಕೂತ್ಕಂಡೇ ನಿದ್ದೆ, ನಿಮ್ ಬೆಲ್ಲ ಒಂದೇ ಧೈರ್ಯ, ಶುಂಠಿ ಕಷಾಯಕ್ಕೆ ಆಕ್ತೀವಿ, ಎದೆ ಕಟ್ದಾಗೆಲ್ಲ ಇನ್ನೊಂದ್ ಚೂರು ಜಾಸ್ತಿ, ಈಗ್ಲೂ ಕೊಟ್ಟಿವ್ನಿ. ಇನ್ನೊಂದು ಚೂರು ಜಾಸ್ತಿ. ಎರಡು ತಿಂಗಳು, ಎದೆ ಕಟ್ಟಿದಾಗೆಲ್ಲ, ಇನ್ನೊಂದು ಚೂರು — ಮೇಘನಾ, ಅದರಲ್ಲಿ ಪೌಡರ್ ಇತ್ತು ಕಣಮ್ಮ, ನನಗೇ ಈಗ ಗೊತ್ತಾಯ್ತು, ನಾನು ಸರಿಯಾಗಿ ಕೇಳಲಿಲ್ಲ, ಅದನ್ನ ಕೊಡಬೇಡ. ಆ ಕಡೆ ಮೇಘನಾ ಫೋನಿನಿಂದ ದೂರವಾಗಿ, ಬೇರೆಯೇ ದನಿಯಲ್ಲಿ, ಅಮ್ಮ ಇಳುಸು, ಕುಡೀಬ್ಯಾಡ, ಲೋಟ ಇಳುಸು. ಶ್ವೇತ ಕಾದಳು, ಸ್ಟೀಲು ನೆಲಕ್ಕೆ ತಾಗುವ ಸದ್ದಿಗೆ, ಬರಲಿಲ್ಲ, ಎಳೆದೆಳೆದು ಬಿಡುವ ಉಸಿರಷ್ಟೇ ಬಂತು, ಕಾಣದಿದ್ದರೂ ಕಣ್ಣ ಮುಂದೆ ಗೋಡೆಗೆ ಒರಗಿದ ಬೆನ್ನು, ಎರಡೂ ಕೈಯಲ್ಲಿ ಹಿಡಿದ ಲೋಟ, ಅದರ ಮೇಲೆ ಆವಿ, ತುಟಿಯಿಂದ ಎರಡು ಬೆರಳು ಈಚೆ ಲೋಟ, ಲೋಟ.